ಫಾರ್ಮ್ ಸಬ್ಮಿಟ್ ಆದ್ರೂ ಪಿಎಚ್‌ಪಿಗೆ ಡೇಟಾ ಯಾಕ ಬರವಲ್ದು?

ಬ್ಯಾಡಗಿ ಮೆಣಸಿನಕಾಯಿ ಆರ್ಡರ್ ಫಾರ್ಮ್‌ನ್ಯಾಗ ಹೆಸರು, ಫೋನ್ ನಂಬರ್ ಹಾಕಿ ಸಬ್ಮಿಟ್ ಒತ್ತಿದ್ರ ಪಿಎಚ್‌ಪಿ (ಸರ್ವರ್‌ನ್ಯಾಗ ಓಡೋ ಕೋಡ್ ಭಾಷೆ) ಪೇಜ್‌ನ್ಯಾಗ ಏನೂ ಬರವಲ್ದು ಅಂತ ಕೇಳೀರಿ. ಮೊದ್ಲ ಪ್ರತಿ ಇನ್‌ಪುಟ್ ಟ್ಯಾಗ್‌ಗೂ ನೇಮ್ (name) ಕೊಟ್ಟೀರೇನ ನೋಡ್ರಿ, ಭಾಳ ಮಂದಿ ಬರೇ ಐಡಿ ಕೊಟ್ಟು ಬಿಟ್ಟಿರ್ತಾರ, ಐಡಿ ಏನಿದ್ರೂ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಲೇಬಲ್ ಕೆಲಸಕ್ಕ, ಸರ್ವರ್‌ಗೆ ಹೋಗೋದು ನೇಮ್ ಇದ್ದಿದ್ದಷ್ಟ. ನಾ ಹುಬ್ಬಳ್ಳಿಯೊಳಗ ಹುಡುಗರಿಗೆ ಕಲಿಸೋ ಮುಂದ ಹೆಚ್ಚಾಗಿ ಕಂಡಿದ್ದು ಇದ ತಪ್ಪು.

ಆಮ್ಯಾಲೆ ಮೆಥಡ್ (method), ಅಂದ್ರ ಡೇಟಾ ಹ್ಯಾಂಗ ಕಳಿಸಬೇಕಂತ ಫಾರ್ಮ್ ಟ್ಯಾಗ್‌ನ್ಯಾಗ ಬರಿಯೋದು. ಅದನ್ನ ಬರೀದಿದ್ರ ತಾನಾಗೇ ಗೆಟ್ ಆಗತೈತಿ, ಡೇಟಾ ಎಲ್ಲಾ ಯುಆರ್‌ಎಲ್‌ಗೆ ಹತ್ತಿಕೊಂಡು ಹೋಗತೈತಿ, ನೀವು ಪೋಸ್ಟ್ ಅರೇಯೊಳಗ ($_POST, ಪೋಸ್ಟ್ ಮೆಥಡ್‌ನಿಂದ ಬಂದ ಡೇಟಾ ಇರೋ ಪಟ್ಟಿ) ಹುಡುಕಿದ್ರ ಎಲ್ಲಿಂದ ಸಿಗಬೇಕ್ರಿ? ಕೋಡ್ ಶುರುವಿಗೇ ಆ ಅರೇನ ವಾರ್‌ಡಂಪ್ (var_dump, ಒಳಗಿದ್ದದ್ದನ್ನ ತೋರಿಸೋ ಫಂಕ್ಷನ್) ಮಾಡಿ ನೋಡ್ರಿ, ಏನು ಬಂದೈತಿ ಏನು ಬಂದಿಲ್ಲ ಅಲ್ಲೇ ಗೊತ್ತಾಗತೈತಿ, ಅರೇಯೊಳಗ ನೀವು ಹುಡುಕೋ ಕೀ ಹೆಸರು ಇನ್‌ಪುಟ್‌ನ ನೇಮ್‌ಗೆ ಕ್ಯಾಪಿಟಲ್ ಸ್ಮಾಲ್ ಅಕ್ಷರ ಸಮೇತ ಹೊಂದಬೇಕು.

ಫೈಲ್ ಡಬಲ್ ಕ್ಲಿಕ್ ಮಾಡಿ ತೆರದ್ರ ಪಿಎಚ್‌ಪಿ ಓಡಂಗಿಲ್ಲ, ಲೋಕಲ್‌ಹೋಸ್ಟ್‌ನಿಂದನ (ನಿಮ್ಮ ಕಂಪ್ಯೂಟರ್‌ನ್ಯಾಗ ಓಡೋ ಸರ್ವರ್‌ನ ವಿಳಾಸ) ತೆರೀರಿ. ಟಿಕ್ ಹಾಕದ ಚೆಕ್‌ಬಾಕ್ಸ್ ಬರಂಗಿಲ್ಲ, ಅದು ನಿಮ್ಮ ತಪ್ಪಲ್ಲ. ದೊಡ್ಡ ಫೋಟೋ ಸೇರಿಸಿದಾಗಷ್ಟ ಎಲ್ಲಾ ಖಾಲಿ ಬರಾಕತ್ತಿದ್ರ ಪಿಎಚ್‌ಪಿ ಸೆಟಿಂಗ್‌ನ್ಯಾಗ ಪೋಸ್ಟ್ ಮ್ಯಾಕ್ಸ್ ಸೈಜ್ (post_max_size) ನೋಡ್ರಿ, ಡಿಫಾಲ್ಟ್ 8 ಎಂಬಿ, ಅದನ್ನ ದಾಟಿದ್ರ ಹೆಸರು, ಫೋನ್ ಸಮೇತ ಪೂರಾ ಅರೇ ಖಾಲಿ ಆಗತೈತಿ.