ರೀಬೂಟ್ ಆದಮೇಲೆ ರೇಡ್ ಹೆಸರು ಬದಲಾಗಿದೆ, ಏನು ಮಾಡಲಿ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಉಪನಯನದ ಫೋಟೋಗಳೆಲ್ಲ ಎರಡು 4 ಟಿಬಿ ಡಿಸ್ಕ್‌ಗಳ ರೇಡ್ 1ರಲ್ಲಿವೆ, ಅಂದರೆ ಎರಡು ಡಿಸ್ಕ್‌ಗಳಲ್ಲೂ ಒಂದೇ ಪ್ರತಿ ಇಡುವ ಜೋಡಣೆಯಲ್ಲಿ. ಸಿಸ್ಟಮ್ ಇದ್ದ ಎಸ್‌ಎಸ್‌ಡಿ ಕೆಟ್ಟಿತು. ಹೊಸದು ಹಾಕಿ ಡೆಬಿಯನ್ ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಿದೆ. ಅರೇಯನ್ನು (ಆ ಎರಡು ಡಿಸ್ಕ್‌ಗಳ ಜೋಡಿಯನ್ನು) ಎಂಡಿ0 ಅಂತ ಕೈಯಾರೆ ಜೋಡಿಸಿ, ಬೂಟ್ ಆಗುವಾಗ ಯಾವ ಡಿಸ್ಕ್ ಯಾವ ಫೋಲ್ಡರಿಗೆ ಸೇರಬೇಕು ಅನ್ನುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲೂ ಅದೇ ಹೆಸರು ಬರೆದೆ. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂತು. ಆಮೇಲೆ ಮೆಷಿನ್ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತಿದೆ. ಎಂಡಿ0 ಇಲ್ಲ, ಎಂಡಿ127 ಅಂತ ಏನೋ ಇದೆ. ಪುಣೆಯಲ್ಲಿರುವ ಅಕ್ಕನ ಮಗ "ಮಾಮ, ಕ್ರಿಯೇಟ್ ಕೊಟ್ಟು ಹೊಸದಾಗಿ ಮಾಡಿಬಿಡಿ" ಅನ್ನುತ್ತಾನೆ. ಮಾಡಲಾ?

ಉತ್ತರ: ಬೇಡ, ದಯವಿಟ್ಟು ಮಾಡಬೇಡಿ. ಕ್ರಿಯೇಟ್ ಕೊಟ್ಟರೆ ರೇಡ್ ನೋಡಿಕೊಳ್ಳುವ ಪ್ರೋಗ್ರಾಂ ಎಂಡಿಆಡ್ಮ್ ಎರಡೂ ಡಿಸ್ಕ್‌ಗಳ ಮೇಲೆ ಹೊಸ ಸೂಪರ್‌ಬ್ಲಾಕ್ (ಅರೇಯ ವಿವರಗಳ ದಾಖಲೆ) ಬರೆಯುತ್ತದೆ. ಡೇಟಾ ಎಲ್ಲಿಂದ ಶುರು ಅನ್ನುವ ಲೆಕ್ಕ ಎಂಡಿಆಡ್ಮ್‌ನ ಹಳೆಯ, ಹೊಸ ಆವೃತ್ತಿಗಳಲ್ಲಿ ಬೇರೆ ಬೇರೆ. ಅದು ತಪ್ಪಿದರೆ ಫೋಟೋಗಳು ಡಿಸ್ಕ್‌ನಲ್ಲಿದ್ದೂ ನಿಮಗೆ ಸಿಗುವುದಿಲ್ಲ. ಮೇಲಾಗಿ ಒಂದು ಡಿಸ್ಕನ್ನು ಇನ್ನೊಂದರ ಮೇಲೆ ಕಾಪಿ ಮಾಡುವ ಕೆಲಸವೂ ಆಗಲೇ ಶುರುವಾಗುತ್ತದೆ. ಇರುವ ಅರೇಗೆ ಬೇಕಾದದ್ದು ಅಸೆಂಬಲ್, ಅಂದರೆ ಇದ್ದದ್ದನ್ನೇ ಮತ್ತೆ ಜೋಡಿಸುವುದು ಮಾತ್ರ.

ಬಹುಶಃ ನಿಮ್ಮ ಅರೇ ಕೆಟ್ಟೇ ಇಲ್ಲ. ಹಳೆಯ ಇನ್‌ಸ್ಟಾಲ್‌ನಲ್ಲಿ ಅದು ಎಂಡಿಆಡ್ಮ್‌ನ ಕಾನ್ಫಿಗರೇಶನ್ ಫೈಲಿನಲ್ಲಿ ದಾಖಲಾಗಿತ್ತು. ಹೊಸದರಲ್ಲಿ ಆ ಸಾಲೇ ಇಲ್ಲ. ಕಂಪ್ಯೂಟರಿನ ಹೆಸರೂ ಬೇರೆ ಆಗಿದ್ದರೆ ಸಿಸ್ಟಮ್ ಅದನ್ನು ಹೊರಗಿನ ಅರೇ ಅಂದುಕೊಂಡು 127ರಿಂದ ಕೆಳಮುಖವಾಗಿ ನಂಬರ್ ಕೊಡುತ್ತದೆ. ಎಫ್‌ಎಸ್‌ಟ್ಯಾಬ್ ಮಾತ್ರ ಇಲ್ಲದ ಎಂಡಿ0ಗಾಗಿ 90 ಸೆಕೆಂಡ್ ಕಾಯುತ್ತದೆ. ಕರೆಂಟ್ ಹೋಗಿದ್ದು ನೆಪ ಅಷ್ಟೇ. ಸುಮ್ನೆ ರೀಬೂಟ್ ಮಾಡಿದ್ದರೂ ಇದೇ ಆಗುತ್ತಿತ್ತು.

ಮೊದಲು ಪ್ರಾಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಫೈಲ್ ತೆರೆದು ನೋಡಿ. ಚೌಕ ಕಂಸದಲ್ಲಿ ಎರಡು 'ಯು' ಇದ್ದರೆ ಎರಡೂ ಡಿಸ್ಕ್ ಸರಿಯಾಗಿವೆ. ಒಂದರ ಜಾಗದಲ್ಲಿ ಅಡಿಗೆರೆ ಇದ್ದರೆ ನಿಲ್ಲಿ, ಎಂಡಿಆಡ್ಮ್‌ಗೆ ಎಕ್ಸಾಮಿನ್ ಆಯ್ಕೆ ಕೊಟ್ಟು ಎರಡರ ಈವೆಂಟ್ಸ್ (ಬದಲಾವಣೆಗಳ ಎಣಿಕೆ) ಸಂಖ್ಯೆ ಹೋಲಿಸಿ. ಜಾಸ್ತಿ ಇರುವುದೇ ಸಾಮಾನ್ಯವಾಗಿ ಹೊಸ ಡೇಟಾ ಇರುವ ಡಿಸ್ಕ್. ಈ ಹಂತದಲ್ಲಿ ಇವತ್ತು ಒಂದನ್ನು ಬಿಚ್ಚಿ, ನಾಳೆ ಇನ್ನೊಂದನ್ನು ಬಿಚ್ಚಿ ಪರೀಕ್ಷೆ ಮಾಡಬೇಡಿ. ಎರಡೂ ಬೇರೆ ಬೇರೆ ದಾರಿ ಹಿಡಿದರೆ ಸರಿಪಡಿಸುವುದು ತುಂಬಾ ಕಷ್ಟ.

ಎಲ್ಲ ಸರಿ ಇದ್ದರೆ, ಎಂಡಿಆಡ್ಮ್‌ಗೆ ಡಿಟೇಲ್ ಮತ್ತು ಸ್ಕ್ಯಾನ್ ಆಯ್ಕೆ ಕೊಡಿ. ಬರುವ ಅರೇ ಸಾಲನ್ನು ಅದರ ಕಾನ್ಫಿಗರೇಶನ್ ಫೈಲಿಗೆ ಸೇರಿಸಿ. ಎಂಡಿ127 ಅಂತಿದ್ದ ಕಡೆ ಎಂಡಿ0 ಅಂತ ತಿದ್ದಿ. ಸಾಲಿನಲ್ಲಿ ಯುಯುಐಡಿ (ಬೂಟ್‌ನಿಂದ ಬೂಟ್‌ಗೆ ಬದಲಾಗದ ಗುರುತು) ಇದ್ದೇ ಇರಬೇಕು. ಎಸ್‌ಡಿಎ, ಎಸ್‌ಡಿಬಿ ಅನ್ನುವ ಡಿಸ್ಕ್ ಹೆಸರುಗಳನ್ನು ಬರೆಯಬೇಡಿ, ಅವು ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗಬಹುದು. ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ಆದರೆ ಬೂಟ್‌ನ ಶುರುವಿನಲ್ಲಿ ಸಿಸ್ಟಮ್ ಓದುವುದು ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಸಣ್ಣ ಆರಂಭಿಕ ಸಿಸ್ಟಮ್ ಒಳಗಿನ, ಆ ಫೈಲಿನ ಹಳೆಯ ಪ್ರತಿಯನ್ನು. ಅದಕ್ಕೇ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಲೇಬೇಕು.

ಎಫ್‌ಎಸ್‌ಟ್ಯಾಬ್‌ನಲ್ಲೂ ಎಂಡಿ0 ಬದಲು ಯುಯುಐಡಿ ಹಾಕಿ. ಇಲ್ಲಿ ಎಷ್ಟೋ ಜನ ಎಡವುತ್ತಾರೆ, ಯಾಕೆಂದರೆ ಯುಯುಐಡಿಗಳು ಎರಡಿವೆ. ಎಂಡಿಆಡ್ಮ್ ತೋರಿಸುವುದು ಅರೇಯದು, ನಡುವೆ ಕೋಲನ್ ಇರುತ್ತದೆ. ಎಫ್‌ಎಸ್‌ಟ್ಯಾಬ್‌ಗೆ ಬೇಕಾದದ್ದು ಫೈಲ್ ಸಿಸ್ಟಮ್‌ನದು. ಅದು ಬಿಎಲ್‌ಕೆಐಡಿ ಕಮಾಂಡ್‌ನಲ್ಲಿ ಹೈಫನ್ ಜೊತೆ ಬರುತ್ತದೆ.

ಎಫ್‌ಎಸ್‌ಟ್ಯಾಬ್‌ನ ಅದೇ ಸಾಲಿಗೆ ನೋಫೇಲ್ ಆಯ್ಕೆಯನ್ನೂ ಸೇರಿಸಿ. ಅರೇ ಬರದಿದ್ದರೂ ಮೆಷಿನ್ ಪೂರ್ತಿ ಬೂಟ್ ಆಗುತ್ತದೆ. ಆದರೆ ಇದರಲ್ಲಿ ಒಂದು ಅಪಾಯವಿದೆ. ಅರೇ ತನ್ನ ಫೋಲ್ಡರಿಗೆ ಮೌಂಟ್ ಆಗದೇ (ಸೇರಿಕೊಳ್ಳದೇ) ಹೋದರೆ ಯಾರಾದರೂ ಹೊಸ ಫೋಟೋಗಳನ್ನು ಅದೇ ಫೋಲ್ಡರಿಗೆ ಹಾಕುತ್ತಾರೆ, ಅವೆಲ್ಲ ಎಸ್‌ಎಸ್‌ಡಿ ಮೇಲೆ ಕೂರುತ್ತವೆ. ಅದಕ್ಕೆ ಅರೇಯನ್ನು ಅನ್‌ಮೌಂಟ್ ಮಾಡಿ, ಖಾಲಿ ಫೋಲ್ಡರಿಗೆ ಚ್ಯಾಟರ್ ಕಮಾಂಡ್‌ನ ಪ್ಲಸ್ ಐ ಹಾಕಿ. ಆಮೇಲೆ ಅಲ್ಲಿ ಅಡ್ಮಿನ್ ಖಾತೆಯಾದ ರೂಟ್ ಕೂಡ ಫೈಲ್ ಸೇರಿಸಲು ಆಗುವುದಿಲ್ಲ. ಮೌಂಟ್ ಆದಾಗ ಮಾಮೂಲಿಯಂತೆ ಕೆಲಸ ನಡೆಯುತ್ತದೆ.

ಅದೇ ಕಾನ್ಫಿಗರೇಶನ್ ಫೈಲಿನ ಮೇಲ್‌ಆಡ್ರ್ ಸಾಲಿನಲ್ಲಿ ನಿಮ್ಮ ಇಮೇಲ್ ಹಾಕಿ, ಪರೀಕ್ಷೆಯ ಮೇಲ್ ಬರುತ್ತದಾ ನೋಡಿಕೊಳ್ಳಿ. ಡಿಸ್ಕ್ ಒಂದು ಕೈಕೊಟ್ಟರೂ ರೇಡ್ 1 ನಡೆಯುತ್ತಲೇ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ ಅಲ್ವಾ? ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲಿ. ತಪ್ಪಿ ಅಳಿಸಿದ್ದನ್ನು ರೇಡ್ ಎರಡೂ ಕಡೆ ಅಳಿಸಿಬಿಡುತ್ತದೆ.

ಎಲ್ಲ ಆದಮೇಲೆ ಕೆಲಸ ಕಡಿಮೆ ಇರುವ ದಿನ, ಮೆಷಿನ್ ಮುಂದೆಯೇ ಕೂತು ಒಮ್ಮೆ ರೀಬೂಟ್ ಮಾಡಿ. ರೀಸಿಂಕ್ (ಎರಡೂ ಡಿಸ್ಕ್‌ಗಳನ್ನು ಮತ್ತೆ ಒಂದೇ ಮಾಡುವ ಕೆಲಸ) ನಡೆಯುತ್ತಿದ್ದರೆ ಗಾಬರಿ ಬೇಡ. ಬಿಟ್‌ಮ್ಯಾಪ್ (ಬದಲಾದ ಭಾಗಗಳ ಗುರುತು) ಇದ್ದರೆ ಬೇಗ ಮುಗಿಯುತ್ತದೆ, ಇಲ್ಲದಿದ್ದರೆ 4 ಟಿಬಿಗೆ 7 ಗಂಟೆಗೂ ಮೇಲೆ ಹಿಡಿಯಬಹುದು. ಅಷ್ಟು ಹೊತ್ತೂ ಫೋಟೋ ಕೆಲಸ ಮುಂದುವರಿಸಬಹುದು, ಸ್ವಲ್ಪ ನಿಧಾನ ಆಗುತ್ತದೆ ಅಷ್ಟೇ.