ಪ್ರತಿಕ್ರಿಯೆ: ಬ್ಯಾಕಪ್ ಟೇಪ್ ಮೇಲೆ ತಪ್ಪಿ ಬರೆದ್ಬಿಟ್ರೆ ಹಳೇದು ಸಿಗುತ್ತಾ?

ಮೊದ್ಲು ಟೇಪ್ ಹೊರಗೆ ತೆಗ್ದು ಮೂಲೇಲಿರೋ ರೈಟ್ ಪ್ರೊಟೆಕ್ಟ್ ಟ್ಯಾಬ್ (ಮತ್ತೆ ಬರೆಯೋದನ್ನ ತಡೆಯೋ ಗುಂಡಿ) ಸರಿಸಿ, ಮಿಕ್ಕಿದ್ದೆಲ್ಲ ಆಮೇಲೆ. ನೀವು ಹೇಳಿದ ಪ್ರಕಾರ 900 ಜಿಬಿ ಬ್ಯಾಕಪ್ ಇದ್ದ ಎಲ್‌ಟಿಒ-5 ಟೇಪಿನ ಶುರುವಲ್ಲೇ 2 ಜಿಬಿ ಹೊಸ ಟಾರ್ (ಹಲವು ಫೈಲ್ ಒಟ್ಟು ಕಟ್ಟಿದ ಕಂತೆ) ಬಿದ್ದಿದೆ, ಅಷ್ಟು ಜಾಗದಲ್ಲಿ ಇದ್ದಿದ್ದು ಹೋಯ್ತು ಬಿಡಿ, ಅದನ್ನ ಯಾರಿಂದ್ಲೂ ತರೋಕಾಗಲ್ಲ. ಆದ್ರೆ ಅದರಾಚೆಗಿನದು ಟೇಪಲ್ಲಿ ಹಾಗೇ ಕೂತಿದೆ. ತೊಂದ್ರೆ ಏನಂದ್ರೆ ಬರೆದು ಮುಗಿಸಿದ ಕಡೆ ಡ್ರೈವ್ 'ಡೇಟಾ ಇಲ್ಲಿಗೆ ಮುಗೀತು' ಅಂತ ಇಒಡಿ (ಎಂಡ್ ಆಫ್ ಡೇಟಾ) ಗುರುತು ಹಾಕಿಬಿಡುತ್ತೆ, ಕಾರ್ಟ್ರಿಜ್ ಒಳಗಿನ ಚಿಪ್‌ನಲ್ಲೂ ಅದನ್ನ ಬರ್ಕೊಳುತ್ತೆ, ಆಮೇಲೆ ನೀವು ಟೇಪ್ ಹಿಂದೆ ಮುಂದೆ ಓಡಿಸೋ ಎಂಟಿ ಕಮ್ಯಾಂಡಲ್ಲಿ ಎಷ್ಟೇ ಮುಂದೆ ತಳ್ಳಿದ್ರೂ ಅದು ಆ ಗೆರೆ ದಾಟಲ್ಲ.

ಬರೀತಿರುವಾಗ್ಲೇ ಪವರ್ ಕಿತ್ತು ಗುರುತು ಬೀಳದ ಹಾಗೆ ಮಾಡೋ ಹಳೇ ಟ್ರಿಕ್ ಒಂದಿದೆ, ದಯವಿಟ್ಟು ಮಾಡ್ಬೇಡಿ, ಇನ್ನಷ್ಟು ಡೇಟಾ ಅಳಿಸ್ಕೋತೀರ ಅಷ್ಟೆ. ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ಬದಲಾಯಿಸಿದ ಡ್ರೈವ್ ಇಟ್ಕೊಂಡಿರೋ ರಿಕವರಿ ಲ್ಯಾಬ್‌ಗೆ ಕೊಟ್ಟು ಇಒಡಿ ಆಚೆಗಿನ ರಾ ಇಮೇಜ್ (ಇದ್ದದ್ದು ಇದ್ದ ಹಾಗೇ ತೆಗೆದ ನಕಲು) ಕೇಳಿ. ಅದು ಕೈಗೆ ಬಂದ್ಮೇಲೆ ಸುಲಭ, ಟಾರ್‌ನಲ್ಲಿ ಪ್ರತಿ ಫೈಲ್‌ಗೂ 512 ಬೈಟಿನ ಹೆಡರ್ ಇರುತ್ತೆ, ಅದ್ರಲ್ಲಿ (ಸೊನ್ನೆಯಿಂದ ಎಣಿಸಿದ್ರೆ) 257ನೇ ಬೈಟ್‌ನಿಂದ 'ಯುಸ್ಟಾರ್' (ustar) ಅನ್ನೋ ಪದ, ಮೊದಲನೇದು ಸಿಕ್ಕಿದ ಕಡೆಯಿಂದ ಬಿಚ್ಕೊಂಡು ಹೋಗಿ. ಅಂದಹಾಗೆ ಆ ಬ್ಯಾಕಪ್ ಜಿಜಿಪ್ ಮಾಡಿ ಕುಗ್ಗಿಸಿದ್ರಾ? ಮಾಡಿದ್ರೆ ಆ ಪದ ನೇರವಾಗಿ ಕಾಣಲ್ಲ, ಕಥೆ ಬೇರೆ, ಹೇಳಿ.