ಕ್ರೈಸ್ತರು ಬರೀ ಬೈಬಲ್ ಕಥೆಯ ಸಿನಿಮಾಗಳನ್ನೇ ನೋಡಬೇಕಾ?

ಹಾಗೇನಿಲ್ಲ. ಸಿನಿಮಾಕ್ಕೆ ನೂರು ವರ್ಷ ತುಂಬಿದಾಗ, 1995ರಲ್ಲಿ, ವ್ಯಾಟಿಕನ್ ಒಳ್ಳೆಯ 45 ಚಿತ್ರಗಳ ಪಟ್ಟಿ ಮಾಡಿತ್ತು. ಬೈಬಲ್ ಕಥೆಯಲ್ಲದ ಚಿತ್ರಗಳೂ ಅದರಲ್ಲಿವೆ, 1948ರ ಇಟಲಿಯ ‘ಬೈಸಿಕಲ್ ಥೀವ್ಸ್’ ಥರ. ಪಾಪ ತೋರಿಸಿದ್ದಾರೆ ಅಂತ ಟಿವಿ ಆಫ್ ಮಾಡಬೇಡಿ, ಪಾಪ ಮಾಡಿದವನನ್ನು ಹೇಗೆ ತೋರಿಸಿದ್ದಾರೆ ಅಂತ ನೋಡಿ.

ಇಲ್ಲಿ ಗೋವಾದ ವಾಸ್ಕೋದಲ್ಲಿ ಒಂದು ಭಾನುವಾರ ಪೂಜೆ ಮುಗಿಸಿ ಬಂದು ಮನೆಯವರೆಲ್ಲ ‘ಬೈಸಿಕಲ್ ಥೀವ್ಸ್’ ನೋಡಿದೆವು. ಸೈಕಲ್ ಕಳೆದುಕೊಂಡ ಅಪ್ಪ ಕೊನೆಗೆ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ, ಮಗನ ಎದುರೇ ಜನ ಹೊಡೆಯುತ್ತಾರೆ, ಪುಟ್ಟ ಹುಡುಗ ಅಳುತ್ತಾ ಅಪ್ಪನ ಟೋಪಿ ಎತ್ತಿಕೊಂಡು ಧೂಳು ಒರೆಸುತ್ತಾನೆ. ಆ ಮುಖ ನೋಡಿ ಸೈಕಲ್‌ನವನು ಅಪ್ಪನನ್ನು ಸುಮ್ನೆ ಬಿಟ್ಟುಬಿಡುತ್ತಾನೆ. ಯೇಸು ಹೇಳಿದ ಕ್ಷಮೆ ಇದೇ ಅಲ್ವಾ? ಅವ್ವ ತುಂಬಾ ಹೊತ್ತು ಮಾತಾಡಲಿಲ್ಲ.